ಸಾಲ್ಟ್ ಲೇಕ್ ಸಿಟಿಯ ಗ್ರಂಥಾಲಯ: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಫ್ಯಾಮಿಲಿಸರ್ಚ್ ಲೈಬ್ರರಿಗೆ (ವಂಶದ ಮೂಲ ಹುಡುಕುವವರ ಗ್ರಂಥಾಲಯ) ಹೋಗಿ ಹೆಸರು ಹೇಳಿದರೆ ವಂಶವೃಕ್ಷ ಅಚ್ಚಾಗಿ ಕೈಗೆ ಬರುತ್ತದೆ, ಆದರೆ ಒಳಗೆ ಬಿಡುವುದು ಮಾರ್ಮನ್ ಎಂಬ ಕ್ರೈಸ್ತ ಪಂಥದವರನ್ನು ಮಾತ್ರ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. ಗ್ರಂಥಾಲಯವನ್ನು ನಡೆಸುವುದು ಮಾರ್ಮನ್ನರ ಚರ್ಚೇ ಹೌದು; ಪ್ರವೇಶ ಮಾತ್ರ ಎಲ್ಲರಿಗೂ ಉಚಿತ. ಅಲ್ಲಿರುವುದು ಮೂಲ ದಾಖಲೆಗಳ ಚಿತ್ರಗಳು ಮತ್ತು ಪುಸ್ತಕಗಳು. ಸಿಬ್ಬಂದಿ ದಾರಿ ತೋರಿಸುತ್ತಾರೆ, ಹುಡುಕಬೇಕಾದವರು ನಾವೇ.

‘ಎಲ್ಲ ಆನ್‌ಲೈನ್ ಇದೆ, ಹೋಗುವುದೇ ದಂಡ’ ಎಂಬ ಮಾತೂ ಅರ್ಧ ಸತ್ಯ. ಮೈಕ್ರೋಫಿಲ್ಮ್‌ಗಳ (ದಾಖಲೆಗಳನ್ನು ಪುಟ್ಟದಾಗಿ ಚಿತ್ರಿಸಿಟ್ಟ ಫಿಲ್ಮ್ ಸುರುಳಿಗಳ) ಡಿಜಿಟಲೀಕರಣ 2021ರಲ್ಲಿ ಮುಗಿಯಿತು ನಿಜ. ಆದರೆ ದಾಖಲೆಯ ಒಡೆಯರ ಜೊತೆಗಿನ ಒಪ್ಪಂದದಿಂದಾಗಿ ಕೆಲವು ಚಿತ್ರಗಳು ಮನೆಯಲ್ಲಿ ತೆರೆಯುವುದಿಲ್ಲ. ಫ್ಯಾಮಿಲಿಸರ್ಚ್ ಜಾಲತಾಣದ ಕ್ಯಾಟಲಾಗ್‌ನಲ್ಲಿ ಕ್ಯಾಮೆರಾ ಚಿಹ್ನೆಯ ಮೇಲೆ ಕೀಲಿಕೈ ಕಂಡರೆ ಅದೇ ಸೂಚನೆ. ಅಂಥ ಫಿಲ್ಮ್ ಸಂಖ್ಯೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅಂಥ ಎಷ್ಟೋ ಚಿತ್ರಗಳನ್ನು ಹತ್ತಿರದ ಫ್ಯಾಮಿಲಿಸರ್ಚ್ ಕೇಂದ್ರದಲ್ಲೇ (ಇದೇ ಸಂಸ್ಥೆಯ ಸ್ಥಳೀಯ ಕೇಂದ್ರ) ನೋಡಬಹುದು. ವಿಮಾನದ ಖರ್ಚು ಉಳಿದೀತು.

ಹೆಸರು ಹುಡುಕಿ ಸಿಗಲಿಲ್ಲವೆಂದು ಕೈಬಿಡುವುದೇ ದೊಡ್ಡ ತಪ್ಪು. ಅನೇಕ ಚಿತ್ರಗಳಿಗೆ ಹೆಸರಿನ ಸೂಚಿಯೇ ಇಲ್ಲ. ಕ್ಯಾಟಲಾಗ್‌ನಲ್ಲಿ ಊರಿನ ಹೆಸರಿನಿಂದ ಹೋಗಿ, ಪುಟ ಪುಟವಾಗಿ ನೋಡಬೇಕು. ಬಳ್ಳಾರಿ, ಮಂಗಳೂರಿನವರು ಹಳೆಯ ದಾಖಲೆಗೆ ಮದ್ರಾಸ್ ಪ್ರೆಸಿಡೆನ್ಸಿಯ ಅಡಿಯಲ್ಲೂ ನೋಡಲಿ, ಹಳೆಯ ಇಂಗ್ಲಿಷ್ ಕಾಗುಣಿತದಲ್ಲೂ ಹುಡುಕಲಿ. ಇನಿಷಿಯಲ್ ಟೈಪಿಸಿದರೆ ಹುಡುಕಾಟ ದಾರಿ ತಪ್ಪುತ್ತದೆ; ತಂದೆಯ ಹೆಸರು, ಊರಿನ ಹೆಸರು ಬಿಡಿಸಿ ಬರೆಯಿರಿ.

ಹರಿದ್ವಾರದ ಪಂಡರ (ತೀರ್ಥಕ್ಷೇತ್ರದ ಪುರೋಹಿತರ) ವಹಿಗಳ, ಅಂದರೆ ಯಾತ್ರಿಕರ ವಂಶಾವಳಿ ಬರೆದಿಟ್ಟ ಪುಸ್ತಕಗಳ, ಚಿತ್ರಗಳೂ ಈ ಸಂಗ್ರಹದಲ್ಲಿವೆ. ಪೂರ್ವಿಕರು ಅಲ್ಲಿಗೆ ಯಾತ್ರೆ ಹೋಗಿದ್ದರೆ ಮಾತ್ರ ಅದರಲ್ಲಿ ಹುಡುಕಿ.