ದಾರ ಹಿಡಿದು ಅಳೆದ ಚೆನ್ನೈ

ಬೆಂಗಳೂರಿಂದ ಚೆನ್ನೈಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಮೊಬೈಲನ್ನು ಕೇಳಿ. ದೂರ 268 ಕಿ.ಮೀ., ಸಮಯ 50 ನಿಮಿಷ ಅಂತ ಥಟ್ಟನೆ ಹೇಳುತ್ತದೆ. ಲೆಕ್ಕ ಸಲೀಸು: ಎರಡು ನಿಲ್ದಾಣಗಳ ನಡುವೆ ಭೂಗೋಳದ ಮೇಲೆ ದಾರ ಎಳೆ, ಗಂಟೆಗೆ 800 ಕಿ.ಮೀ. ವೇಗದಂತೆ ಭಾಗಿಸು, 20 ನಿಮಿಷ ಬಂತು. ಹತ್ತಿಳಿಯೋದಕ್ಕೆ ಅಂತ ಇನ್ನೊಂದು ಅರ್ಧ ಗಂಟೆ ಧಾರೆ ಎರೆ. ಆರ್ಯಭಟ ಬದುಕಿದ್ದರೆ ಬೆನ್ನು ತಟ್ಟುತ್ತಿದ್ದ.

ಆದರೆ ದಾರಕ್ಕೆ ಗಾಳಿ ಗೊತ್ತಿಲ್ಲವಲ್ಲ. ವಿಮಾನ ಏಳುವುದೂ ಎದುರುಗಾಳಿಗೆ, ಇಳಿಯುವುದೂ ಎದುರುಗಾಳಿಗೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ. ಹಾಗಾಗಿ ಮೂಡಲ ಚೆನ್ನೈಗೆ ಹೊರಟದ್ದು ಮೊದಲು ದೊಡ್ಡಬಳ್ಳಾಪುರದ ಕಡೆ ಎದ್ದು, ಆಮೇಲೆ ಮುಖ ತಿರುಗಿಸುತ್ತದೆ. ಚೆನ್ನೈ ನಿಲ್ದಾಣವಿರುವ ಮೀನಂಬಾಕ್ಕಂನಲ್ಲೂ ಅದೇ ಗಾಳಿ ಇದ್ದರೆ ನಿಲ್ದಾಣ ದಾಟಿ, ಸಮುದ್ರದ ಮೇಲೊಂದು ಸುತ್ತು ಹಾಕಿ, ವಾಪಸ್ ಬಂದು ಇಳಿಯಬೇಕು. 800ರ ವೇಗವೋ, 10,000 ಅಡಿಯ ಕೆಳಗೆ 250 ನಾಟ್ ದಾಟುವಂತಿಲ್ಲ, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಇಷ್ಟು ಗಿಡ್ಡ ದಾರಿಯಲ್ಲಿ ಏರಿ ಉಸಿರು ಬಿಡುವಷ್ಟರಲ್ಲಿ ಇಳಿಯುವ ಹೊತ್ತು.

ಟಿಕೆಟ್ಟಿನಲ್ಲಿ ಬರೆದ ಒಂದು ಗಂಟೆ ಚಿಲ್ಲರೆ ಹಾರಾಟದ್ದಲ್ಲ. ಇಲ್ಲಿ ಗೇಟು ಬಿಟ್ಟಲ್ಲಿಂದ ಅಲ್ಲಿ ಚಕ್ರ ಉರುಳದಂತೆ ಅಡ್ಡ ಕೊಡುವ ತನಕದ್ದು. ರನ್‌ವೇ ಸರದಿಯಲ್ಲಿ ನಿಂತದ್ದು, ಅಲ್ಲಿ ಗೇಟು ಖಾಲಿಯಾಗಲೆಂದು ಕಾದದ್ದು, ಎಲ್ಲ ಅದರೊಳಗೇ. ತಡವಾದೀತೆಂದು ಕಂಪನಿಗಳು ಮೊದಲೇ ಒಂದಿಷ್ಟು ನಿಮಿಷ ಬೆರೆಸಿಟ್ಟಿರುತ್ತವೆ. ಅದರ ಮೇಲೂ 15 ನಿಮಿಷ ತಡವಾದರೆ ಸರ್ಕಾರದ ಲೆಕ್ಕದಲ್ಲಿ ಸರಿಯಾದ ಸಮಯವೇ. ಪ್ರಶ್ನೆಪತ್ರಿಕೆ ಬರೆದ ಮೇಷ್ಟ್ರೇ ಪರೀಕ್ಷೆಗೂ ಕೂತು, ಮೇಲೆ ಗ್ರೇಸ್ ಮಾರ್ಕ್ಸ್ ಹಾಕಿಕೊಂಡಂತೆ. ಆಮೇಲೆ ಮೈಕಿನಲ್ಲಿ, ‘ಹತ್ತು ನಿಮಿಷ ಮೊದಲೇ ಬಂದಿದ್ದೇವೆ’. ಚಪ್ಪಾಳೆ ಹೊಡೆಯಿರಿ.

ದಾರದ ಮಹಿಮೆ ಇಷ್ಟಕ್ಕೇ ಮುಗಿಯಲಿಲ್ಲ. ದೇವನಹಳ್ಳಿ ನಿಲ್ದಾಣ 2008ರಲ್ಲಿ ಬಾಗಿಲು ತೆರೆದಾಗ ಹಳೇ ಎಚ್‌ಎಎಲ್‌ ನಿಲ್ದಾಣದ ಪ್ರಯಾಣಿಕ ವಿಮಾನಗಳಿಗೆ ಬೀಗ ಬಿತ್ತು. ನಿಲ್ದಾಣ ನಡೆಸುವ ಕಂಪನಿಯೊಡನೆ ಕೇಂದ್ರ ಸರ್ಕಾರ ಮಾಡಿಕೊಂಡ ಕರಾರಿನ ಪ್ರಕಾರ 25 ವರ್ಷ, ಅಂದರೆ 2033ರ ತನಕ, 150 ಕಿ.ಮೀ. ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಕೂಡದು. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಈ 150 ಅಳೆಯುವುದೂ ಆಕಾಶದಲ್ಲೇ, ಹೆಬ್ಬಾಳದ ಮೇಲ್ಸೇತುವೆಯಲ್ಲಲ್ಲ. ಹೊಸೂರಿಗೆ ವಿಮಾನ ನಿಲ್ದಾಣ ಅಂತ ತಮಿಳುನಾಡು 2024ರಲ್ಲಿ ಘೋಷಿಸಿದಾಗ ಈ ದಾರವೇ ಕಾಲಿಗೆ ತೊಡರಿದ್ದು.

ಎಲೆಕ್ಟ್ರಾನಿಕ್ ಸಿಟಿಯವನ ಗತಿ ನೋಡಿ. ಚೆನ್ನೈ ಹೆದ್ದಾರಿ ಮನೆಮುಂದೆಯೇ. ಅದಕ್ಕೆ ಬೆನ್ನು ಹಾಕಿ, ಐವತ್ತಕ್ಕೂ ಹೆಚ್ಚು ಕಿ.ಮೀ. ಬಡಗಣಕ್ಕೆ, ಇಡೀ ಊರನ್ನು ಸೀಳಿಕೊಂಡು ಹೋಗಬೇಕು. ಎರಡು ಗಂಟೆ ಕ್ಯಾಬಿನಲ್ಲಿ. ಬ್ಯಾಗಿನ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಅದಕ್ಕೂ ಮುಂಚೆ ತಲುಪಬೇಕು. ಆಮೇಲೆ ಸೆಕ್ಯುರಿಟಿ ಸಾಲು, ವಿಮಾನದ ಗಂಟೆ, ಬೆಲ್ಟಿನ ಮುಂದೆ ಕಾಯುವುದು. ಕೂಡಿಸಿದರೆ ಐದು ಗಂಟೆ. ಬೆಂಗಳೂರು ಸಿಟಿ ಸ್ಟೇಷನ್ನಿಂದ 362 ಕಿ.ಮೀ. ಹಳಿಯ ಮೇಲೆ ವಂದೇ ಭಾರತ್ ರೈಲು ಸುಮಾರು ನಾಲ್ಕೂವರೆ ಗಂಟೆಯಲ್ಲಿ ಚೆನ್ನೈ ಸೆಂಟ್ರಲ್ ಸೇರುತ್ತದೆ.

ನಗುವುದಕ್ಕೂ ಬೇಜಾರು. ಹದಿನೈದು ವರ್ಷಕ್ಕೂ ಮೇಲಾಯಿತು, ನಿಲ್ದಾಣಕ್ಕೆ ಇನ್ನೂ ಮೆಟ್ರೊ ಹಳಿ ಮುಟ್ಟಿಲ್ಲ.