ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಬೇಕಿರುವುದು ಇನ್ನಷ್ಟು ವಿಡಿಯೊಗಳಲ್ಲ

ಬೆಂಗಳೂರಿನಲ್ಲಿ ಹೊಸ ಶೈಕ್ಷಣಿಕ ವರ್ಷ ಹತ್ತಿರವಾಗುತ್ತಿದ್ದಂತೆ ಆರು, ಏಳು, ಎಂಟನೇ ತರಗತಿಯ ಮಕ್ಕಳ ತಂದೆತಾಯಿಗಳು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆ, ಈ ಸಲ ಯಾವ ಆ್ಯಪ್‌ಗೆ ಹಣ ಕಟ್ಟಿದಿರಿ ಎಂಬುದು. ಈ ಪ್ರಶ್ನೆ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಏಕೆಂದರೆ ಈ ವಯಸ್ಸಿನವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಜಾಲತಾಣಗಳು ಉಚಿತವಾಗಿವೆ, ಹಲವು ಕನ್ನಡದಲ್ಲಿಯೂ ದೊರೆಯುತ್ತವೆ, ಕೆಲವಂತೂ ನಮ್ಮ ಊರಿನಲ್ಲಿಯೇ ರೂಪುಗೊಂಡಿವೆ. ಅವುಗಳನ್ನು ಆರಿಸುವಾಗ ನಾನು ನೋಡುವುದು ಒಂದನ್ನೇ: ಆ ತಾಣದ ಮುಂದೆ ಕುಳಿತ ಮಗು ಏನನ್ನಾದರೂ ಮಾಡುತ್ತದೆಯೇ, ಇಲ್ಲವೇ ಸುಮ್ಮನೆ ನೋಡುತ್ತಾ ಕೂರುತ್ತದೆಯೇ?

ಐದನೇ ತರಗತಿಯವರೆಗೆ ಲೆಕ್ಕವನ್ನು ಹುಣಸೆ ಬೀಜ ಇಟ್ಟಾದರೂ ತೋರಿಸಬಹುದು. ಆರನೆಯದಕ್ಕೆ ಬಂದ ಮೇಲೆ ಋಣ ಸಂಖ್ಯೆಗಳು ಬರುತ್ತವೆ, ಅಂಕಿಯ ಜಾಗದಲ್ಲಿ ಅಕ್ಷರ ಬರುತ್ತದೆ, ವಿಜ್ಞಾನದಲ್ಲಿ ಕಣ್ಣಿಗೆ ಕಾಣದ ವಿದ್ಯುತ್ ಪ್ರವಾಹ ಬರುತ್ತದೆ. ಇಲ್ಲಿ ಎಡವಿದ ಮಗು ಹತ್ತನೇ ತರಗತಿಯಲ್ಲಿ ಗಣಿತವೆಂದರೆ ಹೆದರುತ್ತದೆ. ಇಂಥ ಮಗುವಿಗೆ ಅದೇ ಪಾಠವನ್ನು ಇನ್ನೊಬ್ಬರು ಪರದೆಯ ಮೇಲೆ ಇನ್ನೊಮ್ಮೆ ಹೇಳಿದರೆ ಹೆಚ್ಚೇನೂ ಬದಲಾಗುವುದಿಲ್ಲ.

ಆದ್ದರಿಂದ ನನ್ನ ಮೊದಲ ಆಯ್ಕೆ ಫೆಟ್. 2001ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಕಾರ್ಲ್ ವೈಮನ್ ಅವರು 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಆವರಣದಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಪಾಠಗಳಿಲ್ಲ. ಮಕ್ಕಳು ತಾವೇ ಬದಲಾಯಿಸಿ ನೋಡಬಹುದಾದ ಪ್ರಯೋಗಗಳಿವೆ. ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ಜೋಡಿಸಿದರೆ ಇಲೆಕ್ಟ್ರಾನುಗಳು ಚಲಿಸುವುದು ಕಾಣುತ್ತದೆ. ಬಲ್ಬನ್ನು ಬಿಟ್ಟು ತಂತಿಯನ್ನು ನೇರವಾಗಿ ಬ್ಯಾಟರಿಯ ಎರಡೂ ತುದಿಗೆ ಜೋಡಿಸಿದರೆ ಪರದೆಯಲ್ಲಿ ಬೆಂಕಿ ಏಳುತ್ತದೆ. ಮನೆಯಲ್ಲಿ ಮಾಡಬಾರದ ಈ ಪ್ರಯೋಗವನ್ನು ಮಗು ಇಲ್ಲಿ ಮತ್ತೆ ಮತ್ತೆ ಮಾಡಿ, ಫ್ಯೂಸ್ ಏಕೆ ಬೇಕು ಎಂಬುದನ್ನು ಯಾರೂ ಹೇಳದೆಯೇ ಊಹಿಸತೊಡಗುತ್ತದೆ. ಹಲವು ಪ್ರಯೋಗಗಳಿಗೆ ಕನ್ನಡ ಅನುವಾದವಿದೆ, ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಶಿಕ್ಷಕರಿಗೆ ಫೆಟ್ ತಂಡವೇ ಕೊಡುವ ಸಲಹೆ ನನಗೆ ಬಹಳ ಮುಖ್ಯವೆನಿಸುತ್ತದೆ. ಮೊದಲ ಐದು ಹತ್ತು ನಿಮಿಷ ಯಾವ ಸೂಚನೆಯನ್ನೂ ಕೊಡದೆ ಮಕ್ಕಳನ್ನು ಅವರ ಪಾಡಿಗೆ ಆಡಲು ಬಿಡಬೇಕು. ಇದರ ಜೊತೆಗೆ ನಾನು ಸೇರಿಸುವುದಿಷ್ಟೇ, ಗುಂಡಿ ಒತ್ತುವ ಮೊದಲು ಏನಾಗಬಹುದೆಂದು ಮಗು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಲಿ.

ರೇಖಾಗಣಿತಕ್ಕೆ ಇದೇ ಬಗೆಯ ಸ್ವಾತಂತ್ರ್ಯವನ್ನು ಜಿಯೋಜೀಬ್ರಾ ಎಂಬ ಗಣಿತದ ತಾಣ ಕೊಡುತ್ತದೆ. ತ್ರಿಭುಜದ ಶೃಂಗವನ್ನು ಹಿಡಿದು ಎಲ್ಲಿಗೆ ಎಳೆದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯಲ್ಲಿಯೇ ನಿಲ್ಲುವುದನ್ನು ಕಂಡ ಮಗು, ಅದು ಏಕೆ ಹಾಗೆ ಎಂದು ಕೇಳದೆ ಇರುವುದು ಅಪರೂಪ. ಆ ಪ್ರಶ್ನೆಗೆ ಉತ್ತರಿಸಲು ಶಿಕ್ಷಕರೇ ಬೇಕು, ತಾಣ ಉತ್ತರಿಸುವುದಿಲ್ಲ.

ಅಭ್ಯಾಸದ ಲೆಕ್ಕಗಳಿಗೆ ಖಾನ್ ಅಕಾಡೆಮಿ ಒಳ್ಳೆಯದು, ಅದರಲ್ಲಿ ಕನ್ನಡದ ವಿಭಾಗವೂ ಇದೆ. ಅದರ ವಿಡಿಯೊಗಳಿಗಿಂತ ಅಭ್ಯಾಸ ಪ್ರಶ್ನೆಗಳಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಏಳನೇ ತರಗತಿಯ ಹುಡುಗಿಗೆ ಭಿನ್ನರಾಶಿ ತೊಡಕಾದರೆ ಅವಳು ನಾಲ್ಕನೇ ತರಗತಿಯ ಪಾಠಕ್ಕೆ ಹಿಂತಿರುಗಿ, ಯಾರ ಮುಂದೆಯೂ ತಲೆತಗ್ಗಿಸದೆ ಅಲ್ಲಿಂದಲೇ ಮತ್ತೆ ಆರಂಭಿಸಬಹುದು. ನಲವತ್ತು ಮಕ್ಕಳ ತರಗತಿಯಲ್ಲಿ ಎಷ್ಟೇ ಒಳ್ಳೆಯ ಶಿಕ್ಷಕರಿಗೂ ಇದು ಕಷ್ಟಸಾಧ್ಯವಾದ ಕೆಲಸ.

ಭಾಷೆಯ ವಿಷಯಕ್ಕೆ ಬಂದರೆ ಬೆಂಗಳೂರಿನ ತರಗತಿಗಳ ಸ್ಥಿತಿಯೇ ಬೇರೆ. ಒಂದೇ ಬೆಂಚಿನಲ್ಲಿ ಮನೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಆಡುವ ಮಕ್ಕಳು ಕುಳಿತಿರುತ್ತಾರೆ. ಇಲ್ಲಿಯದೇ ಸಂಸ್ಥೆಯಾದ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಈ ಹಲವು ಭಾಷೆಗಳಲ್ಲಿ ಸಿಗುತ್ತದೆ. ಓದಲು, ಮುದ್ರಿಸಲು, ಅನುವಾದಿಸಲು ಮುಕ್ತ ಪರವಾನಗಿಯೂ ಇದೆ. ಎಂಟನೇ ತರಗತಿಯ ಮಕ್ಕಳಿಗೆ ಆ ಕಥೆಗಳು ಚಿಕ್ಕವೆನಿಸಬಹುದು, ನಿಜ. ಆದರೆ ಅವರಿಗೆ ಓದುಗರ ಪಾತ್ರಕ್ಕಿಂತ ಅನುವಾದಕರ ಪಾತ್ರ ಒಪ್ಪುತ್ತದೆ. ಇಂಗ್ಲಿಷ್ ಕಥೆಯೊಂದನ್ನು ಮನೆಯ ತಮ್ಮತಂಗಿಯರಿಗಾಗಿ ಕನ್ನಡಕ್ಕೆ ತರುವಾಗ ಎರಡೂ ಭಾಷೆಗಳ ವಾಕ್ಯರಚನೆಯನ್ನು ಅವರು ಕಲಿಯುವಷ್ಟು ಆಳವಾಗಿ ಯಾವ ವ್ಯಾಕರಣದ ಅಭ್ಯಾಸ ಪುಸ್ತಕವೂ ಕಲಿಸಲಾರದು ಎಂಬುದು ನನ್ನ ದೃಢ ನಂಬಿಕೆ. ಜೊತೆಗೆ ಅಲರ್ ನಿಘಂಟನ್ನು ತೆರೆದಿಟ್ಟುಕೊಳ್ಳಲಿ. ವಿ. ಕೃಷ್ಣ ಅವರು ದಶಕಗಳ ಕಾಲ ಏಕಾಂಗಿಯಾಗಿ ಸಂಕಲಿಸಿದ, ಒಂದೂವರೆ ಲಕ್ಷದಷ್ಟು ಪದಗಳಿರುವ ಆ ಕನ್ನಡ–ಇಂಗ್ಲಿಷ್ ನಿಘಂಟು ಇಂದು ಎಲ್ಲರಿಗೂ ಉಚಿತವಾಗಿದೆ.

ಶಿಕ್ಷಕರಿಗೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ತೆರೆದುಕೊಳ್ಳುವ ಸರ್ಕಾರದ ಕಲಿಕಾ ತಾಣ ದೀಕ್ಷಾ ಪರಿಚಿತವೇ. ಅದರ ಗುಣಮಟ್ಟ ಏರುಪೇರಾಗಿದೆ, ಆಯ್ದು ಬಳಸಬೇಕು. ಬೆಂಗಳೂರಿನ ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಜೊತೆಗೂಡಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣಕ್ಕೆ ಇನ್ನೂ ಹೆಚ್ಚಿನ ಮನ್ನಣೆ ಸಿಗಬೇಕಿತ್ತು. ಅಲ್ಲಿ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಬರೆದ ಚಟುವಟಿಕೆಗಳಿವೆ. ಪರದೆಯಿಂದ ಮಕ್ಕಳನ್ನು ಎಬ್ಬಿಸುವ ತಾಣ ಬೇಕೆಂದರೆ ಅರವಿಂದ ಗುಪ್ತ ಅವರ ಆಟಿಕೆಗಳ ತಾಣವಿದೆ. ಬ್ಯಾಟರಿ, ಆಯಸ್ಕಾಂತ, ತಾಮ್ರದ ತಂತಿ, ಎರಡು ಪಿನ್ನು ಇದ್ದರೆ ತಿರುಗುವ ಮೋಟಾರು ಸಿದ್ಧವಾಗುತ್ತದೆ.

ತಂದೆತಾಯಿಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಮಗುವಿನ ಹೆಸರು, ಶಾಲೆ, ಮೊಬೈಲ್ ಸಂಖ್ಯೆ ಕೊಟ್ಟ ಬಳಿಕವೇ ಬಾಗಿಲು ತೆರೆಯುವ ತಾಣಗಳಿಂದ ದೂರವಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯವೆನ್ನುತ್ತದೆ. ಆ ಒಪ್ಪಿಗೆಯನ್ನು ಓದದೆ ಕೊಡಬೇಡಿ. ಫೆಟ್ ಪ್ರಯೋಗಗಳನ್ನು ನಡೆಸಲು ಮಗು ಹೆಸರು ನೋಂದಾಯಿಸಬೇಕಿಲ್ಲ, ಸ್ಟೋರಿವೀವರ್‌ನಲ್ಲಿ ಕಥೆ ಓದಲೂ ಬೇಕಿಲ್ಲ.

ಅಪ್ಪನ ಫೋನು ರಾತ್ರಿ ಎಂಟಕ್ಕೆ ಮನೆಗೆ ಬರುವ ಕುಟುಂಬಗಳು ಈ ಊರಿನಲ್ಲಿ ಬಹಳಷ್ಟಿವೆ. ಆ ಮಕ್ಕಳಿಗೆ ಇವೆಲ್ಲ ದಕ್ಕಬೇಕಾದರೆ ಶಾಲೆಯ ಕಂಪ್ಯೂಟರುಗಳಲ್ಲಿಯೇ ಇರಬೇಕು. ಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದರೆ ಮುಂದಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕಂಪ್ಯೂಟರ್ ಕೊಠಡಿಯ ಬಾಗಿಲು ವಾರಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ದಯವಿಟ್ಟು ಕೇಳಿ. ಫೆಟ್ ಪ್ರಯೋಗಗಳನ್ನೂ ಸ್ಟೋರಿವೀವರ್ ಕಥೆಗಳನ್ನೂ ಇಳಿಸಿ ಅಲ್ಲಿ ತುಂಬಿಡಲು ಒಂದು ಶನಿವಾರ ಸಾಕು. ಆ ಕೆಲಸ ಬಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ನಗರದ ಪ್ರತಿ ಬಡಾವಣೆಯಲ್ಲಿಯೂ ಇದ್ದಾರೆ.