ಎಲ್ಲ ಕೆಂಪು ಮಚ್ಚೆಯೂ ತಾನಾಗಿ ಹೋಗಲ್ಲ

ಮಕ್ಕಳ ಕೆಂಪು ಮಚ್ಚೆ ಶಾಲೆಗೆ ಸೇರುವ ಹೊತ್ತಿಗೆ ತಾನಾಗಿ ಹೋಗುತ್ತದೆ, ‘ಕಾದು ನೋಡಿ’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಹೆಮಾಂಜಿಯೋಮಾಗಾದರೆ (ರಕ್ತನಾಳಗಳು ಗಂಟಿನ ಹಾಗೆ ಬೆಳೆದು ಆಗುವ ಮಚ್ಚೆ) ಬಹುಮಟ್ಟಿಗೆ ಸರಿ. ಅದು ಹುಟ್ಟಿದ ಕೆಲವು ವಾರಕ್ಕೆ ಕಾಣಿಸಿಕೊಂಡು, ಉಬ್ಬಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಪೋರ್ಟ್ ವೈನ್ ಮಚ್ಚೆ, ಅಂದರೆ ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗಿ ಆಗುವ ಕೆಂಪು ಮಚ್ಚೆ, ಹಾಗಲ್ಲ. ಹುಟ್ಟುವಾಗಲೇ ಇರುತ್ತದೆ, ಚಪ್ಪಟೆಯಾಗಿರುತ್ತದೆ, ಮಗುವಿನ ಜೊತೆಗೇ ಬೆಳೆಯುತ್ತದೆ. 1982ರಲ್ಲೇ ಸಂಶೋಧಕರಾದ ಮಲ್ಲಿಕನ್ ಮತ್ತು ಗ್ಲೊವಾಕಿ ಈ ಎರಡು ಗುಂಪುಗಳನ್ನು ಬೇರೆ ಮಾಡಿ ತೋರಿಸಿದ್ದರು, ಅಲ್ವಾ?

ನಮ್ಮಣ್ಣನ ಮಗಳಿಗೆ ಹಣೆಯಿಂದ ಕಣ್ಣಿನ ರೆಪ್ಪೆವರೆಗೂ ಇಂಥ ಪೋರ್ಟ್ ವೈನ್ ಮಚ್ಚೆಯೇ ಇತ್ತು. ಮನೆಯವರು ಗ್ರಹಣದ ಮಚ್ಚೆ ಅಂದುಕೊಂಡು ಸುಮ್ನಿದ್ದರು. ಚರ್ಮದ ಡಾಕ್ಟರು ಮೊದಲು ಕೇಳಿದ್ದೇ ‘ಹುಟ್ಟಿದ ದಿನ ಇತ್ತಾ?’ ಅಂತ. ಕೂಡಲೇ ಕಣ್ಣಿನ ಒತ್ತಡ ನೋಡಿಸಲು ಕಳಿಸಿದರು. ಆ ಜಾಗದ ಮಚ್ಚೆಯ ಜೊತೆ ಸ್ಟರ್ಜ್-ವೆಬರ್ (ಮಿದುಳು, ಕಣ್ಣಿನ ರಕ್ತನಾಳಗಳಿಗೂ ತೊಂದರೆಯಿರುವ ಹುಟ್ಟುಕಾಯಿಲೆ) ಇದ್ದರೆ ಗ್ಲಾಕೋಮಾ (ಕಣ್ಣಿನ ಒತ್ತಡ ಹೆಚ್ಚಿ ದೃಷ್ಟಿ ಕೆಡುವ ಕಾಯಿಲೆ), ಫಿಟ್ಸ್ ಬರಬಹುದು. ನಿಮ್ಮ ‘ಕಾದು ನೋಡಿ’ ಸಾಲಿನ ಪಕ್ಕ ಇದನ್ನೂ ಸೇರಿಸಿ ಸರ್.